ನಗಬೇಕು, ನಿಂತಿರಬೇಕು, ಏನೂ ಕೇಳಬಾರದು

ಫಾಸ್ಟ್ ಫುಡ್ ಮಳಿಗೆಗಳಲ್ಲಿ ದುಡಿಯುವ ಹುಡುಗ–ಹುಡುಗಿಯರನ್ನು ಕಾಡುವ ಪರಕೀಯ ಭಾವದ ಬೇರು ಅವರ ಮನಸ್ಸಿನ ದೌರ್ಬಲ್ಯದಲ್ಲಿಲ್ಲ, ಕೆಲಸವನ್ನು ಕಟ್ಟಿರುವ ಬಗೆಯಲ್ಲಿದೆ. ಅದಕ್ಕೆ ಮದ್ದು ಹುಡುಕಲು ಕಲಬುರಗಿಯವರು ದೂರ ಹೋಗಬೇಕಿಲ್ಲ.

ಸಂಜೆ ಏಳಾದರೆ ಕಲಬುರಗಿಯಲ್ಲಿ ಎರಡು ಬಗೆಯ ಅಂಗಡಿಗಳ ಮುಂದೆ ಮಂದಿ ಕೂಡುತ್ತಾರೆ. ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ತಹರಿಯ ಹೋಟೆಲುಗಳು, ಸುಸಲಾ–ಮಿರ್ಚಿ ಭಜಿಯ ಬಂಡಿಗಳು, ರೊಟ್ಟಿಯೂಟದ ಖಾನಾವಳಿಗಳು ಮೊದಲಿನಿಂದಲೂ ಇವೆ. ಈಚಿನ ವರ್ಷಗಳಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ, ಬೆಳಗುವ ಮೆನು ಫಲಕಗಳ ಪಿಜ್ಜಾ, ಬರ್ಗರ್, ಫ್ರೈಡ್ ಚಿಕನ್ ಮಳಿಗೆಗಳೂ ಜೊತೆ ಸೇರಿಕೊಂಡಿವೆ. ಬಂಡಿಯವನನ್ನು ಗಿರಾಕಿಗಳು ಹೆಸರು ಹಿಡಿದು ಕರೆಯುತ್ತಾರೆ, ಅವನ ಕೈರುಚಿಯ ಬಗ್ಗೆ ವಾದ ಮಾಡುತ್ತಾರೆ. ಗಾಜಿನ ಬಾಗಿಲಿನೊಳಗೆ ಟೊಪ್ಪಿಗೆ, ಟೀಶರ್ಟು ತೊಟ್ಟು ಕೌಂಟರಿನಾಚೆ ನಿಂತ ಹುಡುಗನ ಹೆಸರು ಎದೆಯ ಮೇಲೆಯೇ ಬರೆದಿದ್ದರೂ ಓದುವವರು ಕಡಿಮೆ. ತಿನಿಸು ಚೆನ್ನಾಗಿದ್ದರೆ ಹೊಗಳಿಕೆ ಕಂಪನಿಗೆ ಸಲ್ಲುತ್ತದೆ. ಕೆಟ್ಟಿದ್ದರೆ ಬೈಗುಳ ಅವನ ಪಾಲಿಗೆ ಬರುತ್ತದೆ.

ಈ ಹುಡುಗರ ಬಗ್ಗೆ ನಮ್ಮ ಕಡೆ ಎರಡು ಮಾತು ಚಾಲ್ತಿಯಲ್ಲಿವೆ. ಏಸಿಯೊಳಗ ನಿಂತು ಮಾಡೋ ಕೆಲಸಕ್ಕ ಏನ್ ತ್ರಾಸು ಎಂಬುದು ಒಂದು. ಈಗಿನ ಹುಡುಗರು ಒಂದ ಕಡಿ ನಿಲ್ಲಂಗಿಲ್ಲ, ನಾಕ್ ತಿಂಗಳಿಗೆ ಬಿಟ್ ಹೋಗ್ತಾರ ಎಂಬುದು ಇನ್ನೊಂದು. ಎರಡೂ ಮಾತು ಕೆಲಸದ ಒಳಗನ್ನು ನೋಡದೆ ಆಡಿದವು. ಬೆವರು ಸುರಿಸುವ ದುಡಿಮೆಗೆ ಹೆದರುವ ಮಂದಿ ಈ ಸೀಮೆಯವರಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಹೊಲ ಹದ ಮಾಡುವವರ, ಶಹಾಬಾದಿನ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸಿದವರ, ಮುಂಬಯಿ–ಪುಣೆಗಳಲ್ಲಿ ಕಟ್ಟಡ ಎತ್ತಿದವರ ಮಕ್ಕಳು ಇವರು. ಇವರನ್ನು ದಣಿಸುವುದು ದುಡಿಮೆಯ ಭಾರಕ್ಕಿಂತ ಹೆಚ್ಚಾಗಿ, ಆ ದುಡಿಮೆಯಲ್ಲಿ ತಮ್ಮದು ಎನ್ನುವುದು ಏನೂ ಉಳಿಯದಿರುವುದು.

ಕಮಲಾಪುರದ ರಸ್ತೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಮಹಾಗಾಂವ್ ಕ್ರಾಸ್ ದಾಟಿ, ಸುಮಾರು 35 ಕಿ.ಮೀ. ದೂರದಲ್ಲಿ ಕಮಲಾಪುರ ಸಿಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಮೊದಲು ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತ ತೊಗರಿ, ಜೋಳದ ಹೊಲಗಳು, ನಡುನಡುವೆ ಲಂಬಾಣಿ ತಾಂಡಾಗಳು. ಕಲಬುರಗಿ ತೊಗರಿಗೂ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಬೆಳೆಗೆ ಹೆಸರು ಬಂದರೂ ಬೆಳೆದವರ ಮನೆಯ ಲೆಕ್ಕ ಮಳೆಯ ಮೇಲೆಯೇ ನಿಂತಿದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿನ ಎಷ್ಟೋ ಮನೆಗಳಿಗೆ ತಲೆಮಾರುಗಳ ರೂಢಿ.

ಪಿಯುಸಿ, ಬಿ.ಎ. ಮುಗಿಸಿದ ಮಕ್ಕಳಿಗೆ ಗುಳೆ ಬೇಡ, ಹೊಲದಲ್ಲಿ ಎಲ್ಲರಿಗೂ ಸಾಲುವಷ್ಟು ಕೆಲಸವಿಲ್ಲ. ಸಂವಿಧಾನದ 371(ಜೆ) ಕಲಂ ಈ ಭಾಗದವರಿಗೆ ಸರ್ಕಾರಿ ನೌಕರಿ, ಶಿಕ್ಷಣದಲ್ಲಿ ಮೀಸಲಾತಿ ಕೊಟ್ಟಿತು. ಆದರೆ ಸರ್ಕಾರಿ ಹುದ್ದೆಗಳು ಓದಿದವರ ಸಂಖ್ಯೆಗೆ ತಕ್ಕಂತೆ ಬೆಳೆಯುವುದಿಲ್ಲ. ಅದೇ ಹೊತ್ತಿಗೆ ನಗರ ಹತ್ತಿರವಾಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಇಲ್ಲವಾಯಿತು. ಬೆಳಗ್ಗೆ ಹೊರಟು ರಾತ್ರಿ ಮರಳುವ ನೌಕರಿ ಹಳ್ಳಿಯ ಹುಡುಗಿಗೂ ಎಟುಕತೊಡಗಿತು. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಖಾಸಗಿ ಆಸ್ಪತ್ರೆಯ ಸ್ವಾಗತದ ಮೇಜು, ಫಾಸ್ಟ್ ಫುಡ್ ಮಳಿಗೆ: ಅನುಭವ ಕೇಳದೆ ಕೆಲಸ ಕೊಡುವ ಜಾಗಗಳು ಇಂಥವೇ.

ಕಮಲಾಪುರದ ಕಡೆಯಿಂದ ಬಂದು ಇಂಥ ಮಳಿಗೆ ಸೇರಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ತೊಗರಿ ಬಿತ್ತುವುದರಿಂದ ಒಕ್ಕಿ ಚೀಲ ತುಂಬುವವರೆಗಿನ ಕೆಲಸವೆಲ್ಲ ಅವಳಿಗೆ ಗೊತ್ತು. ಹಿಟ್ಟಿನ ಹದ ಕೈಗೆ ತಿಳಿಯುತ್ತದೆ, ರೊಟ್ಟಿ ಬಡಿಯಲು ಬರುತ್ತದೆ. ಮಳಿಗೆಯಲ್ಲಿ ಈ ತಿಳಿವಿಗೆ ಜಾಗವಿಲ್ಲ. ಆಲೂ ತುಂಡುಗಳು ಹೆಪ್ಪುಗಟ್ಟಿದ ಚೀಲಗಳಲ್ಲಿ ಬರುತ್ತವೆ. ಪಿಜ್ಜಾದ ಹಿಟ್ಟು ಎಲ್ಲೋ ಕಲಸಿ, ತೂಗಿ, ಉಂಡೆ ಕಟ್ಟಿ ಬಂದಿರುತ್ತದೆ. ಎಣ್ಣೆಯ ಬಿಸಿ, ಹುರಿಯುವ ಹೊತ್ತು ಎರಡನ್ನೂ ಯಂತ್ರ ಗೊತ್ತುಮಾಡುತ್ತದೆ, ಅದು ಕೂಗಿದಾಗ ಬುಟ್ಟಿ ಎತ್ತುವುದಷ್ಟೇ ಅವಳ ಪಾಲು. ತಲೆಯ ಮೇಲಿನ ಪರದೆಯಲ್ಲಿ ಆರ್ಡರುಗಳು ಸಾಲುಗಟ್ಟುತ್ತವೆ, ತಡವಾದ ಆರ್ಡರಿನ ಬಣ್ಣ ಬದಲಾಗುತ್ತದೆ. ಉಪ್ಪು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ರುಚಿ ನೋಡಿ ತೀರ್ಮಾನಿಸುವ ಅಧಿಕಾರ ಅವಳಿಗಿಲ್ಲ. ನಿಗದಿತ ನಿಮಿಷ ಮೀರಿದ ತಿನಿಸನ್ನು ಎಸೆಯಬೇಕು. ಅನ್ನವನ್ನು ಕಾಲಲ್ಲಿ ತುಳಿಯಬಾರದು ಎಂದು ಕಲಿತ ಕೈಗಳಿಗೆ ಆ ಕೆಲಸ ಸುಲಭವಲ್ಲ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೇಲೋಗರ ತುಂಬಿದ ಮಧ್ಯಮ ಗಾತ್ರದ ಪಿಜ್ಜಾದ ಬೆಲೆ ಅಷ್ಟಾಗುತ್ತದೆ, ಕೆಲವೊಮ್ಮೆ ಅದನ್ನು ಮೀರುತ್ತದೆ. ಊರಲ್ಲಿ ತಾಯಿ ಒಂದು ದಿನ ಮಣ್ಣು ಹೊತ್ತು ಗಳಿಸುವುದನ್ನು ಇಲ್ಲಿ ನಾಲ್ವರು ಹುಡುಗರು ಅರ್ಧ ತಾಸಿನಲ್ಲಿ ತಿಂದು, ಅರ್ಧ ಬಿಟ್ಟು ಏಳುವುದನ್ನು ಅವಳು ನಿತ್ಯ ನೋಡುತ್ತಾಳೆ. ಆ ಮೇಜು ಒರೆಸುವುದೂ ಅವಳ ಕೆಲಸವೇ.

ಟೆನ್ನಿಸ್ ಅಂಕಣದ ಮೇಲೆ ಬರೆದ ಅಡುಗೆಮನೆ

ಇಂಥ ಅಡುಗೆಮನೆ ತಾನಾಗಿ ಬೆಳೆದದ್ದಲ್ಲ, ಯೋಚಿಸಿ ಕಟ್ಟಿದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಸೋದರರು ಲಾಭದಲ್ಲಿದ್ದ ತಮ್ಮ ಹೋಟೆಲನ್ನು 1948ರಲ್ಲಿ ಕೆಲವು ತಿಂಗಳು ಮುಚ್ಚಿದರು. ಕಾರಿನ ಬಳಿ ಹೋಗಿ ಬಡಿಸುತ್ತಿದ್ದ ಹುಡುಗಿಯರನ್ನು ಕೆಲಸದಿಂದ ತೆಗೆದರು. ತಟ್ಟೆ, ಚಮಚ, ಗಾಜಿನ ಲೋಟಗಳನ್ನು ಕೈಬಿಟ್ಟರು. ಉದ್ದದ ಮೆನುವನ್ನು ಒಂಬತ್ತು ತಿನಿಸುಗಳಿಗೆ ಇಳಿಸಿದರು. ಮುಂದೆ ಹೊಸ ಅಡುಗೆಮನೆ ಕಟ್ಟುವಾಗ ಅದರ ನಕ್ಷೆಯನ್ನು ಟೆನ್ನಿಸ್ ಅಂಕಣದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕೆಲಸಗಾರರನ್ನು ಅದರೊಳಗೆ ಓಡಾಡಿಸಿ, ಯಾರ ಹೆಜ್ಜೆ ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಂಡರು. ಒಬ್ಬ ಮಾಂಸ ಬೇಯಿಸುವವನು, ಒಬ್ಬ ಬನ್ ಸಿದ್ಧ ಮಾಡುವವನು, ಒಬ್ಬ ಆಲೂ ಹುರಿಯುವವನು, ಒಬ್ಬ ಕಾಗದ ಸುತ್ತುವವನು. ಅಡುಗೆಯವನು ಎಂಬ ಮನುಷ್ಯ ಅಲ್ಲಿಗೆ ಇಲ್ಲವಾದ.

ಇದರ ಹಿಂದಿನ ವಿಚಾರ ಇನ್ನೂ ಹಳೆಯದು. ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ‘ವೈಜ್ಞಾನಿಕ ನಿರ್ವಹಣೆ’ಯ ಗ್ರಂಥದಲ್ಲಿ ಯೋಚನೆಯನ್ನು ಕಚೇರಿಗೂ ಕೈಕೆಲಸವನ್ನು ಕಾರ್ಖಾನೆಗೂ ಹಂಚಿಕೊಟ್ಟಿದ್ದ. ತಾನೂ ತಾಮ್ರದ ಕೆಲಸಗಾರನಾಗಿ ದುಡಿದಿದ್ದ ಹ್ಯಾರಿ ಬ್ರೇವರ್‌ಮನ್ 1974ರಲ್ಲಿ ಇದರ ಪರಿಣಾಮವನ್ನು ಬಿಡಿಸಿ ತೋರಿಸಿದ: ಕೆಲಸಗಾರನ ಕುಶಲತೆ ಒಂದೊಂದಾಗಿ ಕಳಚಿ ಯಂತ್ರಕ್ಕೂ ನಿಯಮಪುಸ್ತಕಕ್ಕೂ ಸೇರುತ್ತದೆ. ಕುಶಲತೆ ಹೋದ ಮೇಲೆ ಅವನ ಜಾಗಕ್ಕೆ ಯಾರನ್ನಾದರೂ ತರಬಹುದು, ಆದ್ದರಿಂದ ಅವನಿಗೆ ಚೌಕಾಸಿ ಮಾಡುವ ಬಲವಿರುವುದಿಲ್ಲ. ಸಮಾಜಶಾಸ್ತ್ರಜ್ಞ ಜಾರ್ಜ್ ರಿಟ್ಜರ್ 1993ರಲ್ಲಿ ಈ ಪದ್ಧತಿ ಬರ್ಗರ್ ಅಂಗಡಿ ದಾಟಿ ಶಾಲೆ, ಆಸ್ಪತ್ರೆ, ಬ್ಯಾಂಕುಗಳಿಗೂ ಹಬ್ಬಿದ್ದನ್ನು ವಿವರಿಸಿದ.

ನಮ್ಮ ನಾಡಿಗೆ ಇದು ಬಂದದ್ದು ಗದ್ದಲದ ನಡುವೆ. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಬಾಗಿಲು ತೆರೆದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ವಿರೋಧಿಸಿತು. 1996ರ ಜನವರಿ 30ರಂದು ಕಾರ್ಯಕರ್ತರು ಮಳಿಗೆಗೆ ನುಗ್ಗಿದರು. ಅದೇ ವರ್ಷ ಡಾಮಿನೋಸ್, ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಕಾಲಿಟ್ಟವು. ಅಂದಿನ ವಾದವಿವಾದದಲ್ಲಿ ರೈತನ ಹೊಲವಿತ್ತು, ತಿನ್ನುವವನ ಆರೋಗ್ಯವಿತ್ತು, ದೇಶದ ಸ್ವಾಭಿಮಾನವಿತ್ತು. ಕೌಂಟರಿನ ಹಿಂದೆ ನಿಲ್ಲಬೇಕಾದ ಹುಡುಗನ ಮಾತು ಅದರಲ್ಲಿ ಮುಖ್ಯವಾಗಲಿಲ್ಲ. ಮೂರು ದಶಕದ ನಂತರ ಆ ಹುಡುಗ ರೈತನ ಮನೆಯಿಂದಲೇ ಬಂದು ಅಲ್ಲಿ ನಿಂತಿದ್ದಾನೆ.

ನಾಲ್ಕು ಬಗೆಯ ದೂರ

ಕಾರ್ಲ್ ಮಾರ್ಕ್ಸ್ 1844ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಪ್ಯಾರಿಸ್ಸಿನಲ್ಲಿ ಕೂತು ಬರೆದ ಟಿಪ್ಪಣಿಗಳು ಅಚ್ಚಾದದ್ದು 1932ರಲ್ಲಿ. ಕಾರ್ಖಾನೆಯ ಕೂಲಿಕಾರ ನಾಲ್ಕು ಬಗೆಯಲ್ಲಿ ಪರಕೀಯನಾಗುತ್ತಾನೆ ಎಂದು ಅವುಗಳಲ್ಲಿ ಅವನು ವಿವರಿಸಿದ್ದಾನೆ. ತಾನು ಮಾಡಿದ ವಸ್ತುವಿನಿಂದ, ಮಾಡುವ ಕ್ರಿಯೆಯಿಂದ, ಮನುಷ್ಯನಾಗಿ ತನ್ನೊಳಗಿರುವ ಸೃಜನಶಕ್ತಿಯಿಂದ, ಕೊನೆಗೆ ಜೊತೆಯ ಮನುಷ್ಯರಿಂದ ಅವನು ದೂರವಾಗುತ್ತಾನೆ. ಆಗ ಫಾಸ್ಟ್ ಫುಡ್ ಇರಲಿಲ್ಲ. ಆದರೂ ಕಲಬುರಗಿಯ ಮಳಿಗೆಯೊಂದರಲ್ಲಿ ನಿಂತು ನೋಡಿದರೆ ನಾಲ್ಕೂ ಕಣ್ಣಿಗೆ ಬೀಳುತ್ತವೆ.

ವಸ್ತುವಿನ ದೂರ ಎಲ್ಲಕ್ಕಿಂತ ಸ್ಪಷ್ಟ. ದೊಡ್ಡ ಸರಪಳಿಗಳಿಗೆ ಆಲೂ ತುಂಡು ಒದಗಿಸುವ ಕಾರ್ಖಾನೆಗಳಲ್ಲಿ ಒಂದು ಗುಜರಾತಿನ ಮೆಹ್ಸಾಣಾದಲ್ಲಿದೆ. ಮಳಿಗೆಯಿಂದ ಕೂಗಳತೆಯಲ್ಲಿ ತೊಗರಿಯ ದಾಲ್ ಮಿಲ್ಲುಗಳಿವೆ, ಒಂದು ತಾಸಿನ ದಾರಿಯಲ್ಲಿ ಕೆಂಪು ಬಾಳೆಯ ತೋಟಗಳಿವೆ, ಆದರೆ ಊರಿನ ಬೆಳೆ ಯಾವುದೂ ಒಳಗೆ ಬರುವುದಿಲ್ಲ. ಕ್ರಿಯೆಯ ದೂರ ಯಂತ್ರದ ಕೂಗಿನಲ್ಲಿದೆ. ಕೈ ಯಾವಾಗ ಏಳಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಆ ಕೈಯ ಒಡೆಯ ನಿರ್ಧರಿಸುವುದಿಲ್ಲ. ಸೃಜನಶಕ್ತಿಯ ದೂರವನ್ನು ಮೂರು ವರ್ಷ ದುಡಿದವನ ಬಳಿ ಕೇಳಬೇಕು. ಮೊದಲ ತಿಂಗಳು ಕಲಿತದ್ದನ್ನೇ ಮೂರನೆಯ ವರ್ಷವೂ ಮಾಡುತ್ತಿರುತ್ತಾನೆ. ಹೊರಗೆ ಬಂದು ಸ್ವಂತ ಹೋಟೆಲಿಡುತ್ತೇನೆಂದರೆ ಅವನಿಗೆ ಅಡುಗೆ ಬರುವುದಿಲ್ಲ.

ನಾಲ್ಕನೆಯದು ಜನರ ದೂರ. ಪಾಳಿಗಳು ವಾರವಾರಕ್ಕೆ ಬದಲಾಗುತ್ತವೆ. ರಾತ್ರಿ ಹನ್ನೊಂದಕ್ಕೆ ಮಳಿಗೆ ಮುಚ್ಚಿ, ನೆಲ ತೊಳೆದು, ಲೆಕ್ಕ ಒಪ್ಪಿಸಿ ಹೊರಬರುವ ಹೊತ್ತಿಗೆ ಊರಿನ ಬಸ್ಸು ಹೋಗಿರುತ್ತದೆ. ಆದ್ದರಿಂದ ನಗರದಲ್ಲಿ ನಾಲ್ಕೈದು ಮಂದಿ ಕೂಡಿ ಒಂದು ಕೋಣೆ ಹಿಡಿಯಬೇಕಾಗುತ್ತದೆ. ಹಬ್ಬ, ರವಿವಾರ, ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು: ಊರೆಲ್ಲ ಕೂಡುವ ದಿನಗಳಲ್ಲೇ ಮಳಿಗೆಗೆ ಗಿರಾಕಿ ಹೆಚ್ಚು, ರಜೆ ಕಷ್ಟ. ಮೂವತ್ತೈದು ಕಿಲೋಮೀಟರ್ ದೂರದ ಊರಿನಲ್ಲಿ ತಂಗಿಯ ಸೀರೆ ಕಾರ್ಯ ನಡೆಯುವಾಗ ಅಣ್ಣ ಇಲ್ಲಿ ಇನ್ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುತ್ತಿರುತ್ತಾನೆ.

ನಗುವೂ ಕೂಲಿಯ ಲೆಕ್ಕಕ್ಕೆ

ಮಾರ್ಕ್ಸ್ ಕಾಣದ ಐದನೆಯ ದೂರವೂ ಒಂದಿದೆ. ಅಮೆರಿಕದ ಆರ್ಲಿ ಹೊಕ್ಷೀಲ್ಡ್ 1983ರಲ್ಲಿ ವಿಮಾನ ಪರಿಚಾರಕಿಯರ ದುಡಿಮೆಯನ್ನು ಅಧ್ಯಯನ ಮಾಡಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ಭಾವನೆಯ ದುಡಿಮೆ ಎಂದು ಗುರುತಿಸಿದರು. ಮುಗುಳ್ನಗೆ, ತಾಳ್ಮೆ, ಉತ್ಸಾಹ ಎಲ್ಲವೂ ಕೆಲಸದ ಷರತ್ತುಗಳಾದಾಗ, ನಗುವವರಿಗೆ ತಮ್ಮ ನಿಜವಾದ ನಗು ಯಾವುದೆಂಬ ಗುರುತೇ ಮಸುಕಾಗುತ್ತದೆ ಎಂಬುದು ಅವರ ಕಾಣ್ಕೆ.

ನಮ್ಮ ಕಡೆಯ ಮಂದಿ ಬಂದವರನ್ನು ಬರ್ರಿ, ಕುಂದರ್ರಿ, ಊಟ ಆಯ್ತೇನ್ರಿ ಎಂದು ಕರೆಯುವವರು. ಆ ಕರೆಯಲ್ಲಿ ಮನಸ್ಸಿದೆ. ಮಳಿಗೆಯಲ್ಲಿ ಅದೇ ಹುಡುಗಿ ಬರೆದುಕೊಟ್ಟ ಸ್ವಾಗತವಾಕ್ಯವನ್ನು, ಹೆಚ್ಚಿನ ಪಾಲು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ, ಪಾಳಿ ಮುಗಿಯುವವರೆಗೂ ಒಪ್ಪಿಸುತ್ತಾಳೆ. ಜೊತೆಗೆ ದೊಡ್ಡ ಗಾತ್ರದ್ದು ಕೊಡಲೇ, ಚೀಸ್ ಸೇರಿಸಲೇ ಎಂದು ಕೇಳಲೇಬೇಕು. ಗಿರಾಕಿ ಸಿಡಿಮಿಡಿಗೊಂಡರೂ ದನಿ ಏರಿಸುವಂತಿಲ್ಲ. ತಪ್ಪು ಯಂತ್ರದ್ದಿರಲಿ, ಸಾಮಾನು ಕಳಿಸದ ಗೋದಾಮಿನದಿರಲಿ, ಕ್ಷಮೆ ಕೇಳುವವಳು ಅವಳು. ಮನೆಗೆ ಹೋದ ಮೇಲೆ ಯಾರೊಂದಿಗೂ ಮಾತು ಬೇಡವೆನ್ನಿಸಿದರೆ, ಆ ಮೌನವನ್ನು ಮನೆಯವರು ಸೊಕ್ಕು ಎಂದುಕೊಳ್ಳುತ್ತಾರೆ.

ಹೊರಗೆ ಬೈಕಿನ ಮೇಲೆ ಕಾದಿರುವ ಡೆಲಿವರಿ ಹುಡುಗನದು ಇದೇ ಕಥೆಯ ಮುಂದಿನ ಅಧ್ಯಾಯ. ಅವನಿಗೆ ಗದರಿಸುವ ಮೇನೇಜರ್ ಕೂಡ ಇಲ್ಲ, ಫೋನಿನೊಳಗಿನ ಲೆಕ್ಕಾಚಾರವೇ ಒಡೆಯ. ನೀತಿ ಆಯೋಗದ 2022ರ ವರದಿ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರೆಂದು ಅಂದಾಜಿಸಿ, 2029–30ಕ್ಕೆ ಅದು 2.35 ಕೋಟಿಗೆ ಏರಬಹುದೆಂದಿತು. ಕರ್ನಾಟಕ 2025ರಲ್ಲಿ ಇವರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾಯ್ದೆ ಮಾಡಿದ್ದು ಸ್ವಾಗತಿಸಬೇಕಾದ ಹೆಜ್ಜೆ.

ಹಳೆಯ ಅಡುಗೆಮನೆಯೂ ಸ್ವರ್ಗವಲ್ಲ

ಇಷ್ಟು ಹೇಳಿ ಹಳೆಯ ಹೋಟೆಲುಗಳನ್ನು ಹಾಡಿಹೊಗಳಿದರೆ ಅದು ಅನ್ಯಾಯ. ನಮ್ಮ ಹೋಟೆಲುಗಳಲ್ಲಿ ಹತ್ತು–ಹನ್ನೆರಡರ ಹುಡುಗರು ಲೋಟ ತೊಳೆದ ಕಾಲ ಬಹಳ ಹಿಂದಿನದಲ್ಲ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ ಎಂಬ ಆದೇಶ ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಒಲೆಯ ಮುಂದೆ ಯಾರು ನಿಲ್ಲಬೇಕು, ಯಾರು ಬಡಿಸಬೇಕು, ಯಾರು ಹೊರಗಿನ ಲೋಟದಲ್ಲಿ ಚಹಾ ಕುಡಿಯಬೇಕು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಡಾ. ಅಂಬೇಡ್ಕರ್ 1936ರ ತಮ್ಮ ‘ಜಾತಿ ವಿನಾಶ’ದಲ್ಲಿ ಜಾತಿಯು ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ವಿಭಜಿಸುತ್ತದೆ ಎಂದು ತೋರಿಸಿದರು. ಹುಟ್ಟಿನಿಂದ ಅಂಟಿದ ಕಸುಬಿನಲ್ಲಿ ಮನುಷ್ಯನ ಮನಸ್ಸೂ ಬುದ್ಧಿಯೂ ನಿಲ್ಲುವುದಿಲ್ಲ ಎಂಬುದು ಅವರ ವಾದದ ಒಂದು ಎಳೆ. ಪರಕೀಯತೆ ಅಮೆರಿಕದಿಂದ ಬಂದದ್ದೆಂದು ನಾವು ಹೇಳುವಂತಿಲ್ಲ.

ಈ ದೃಷ್ಟಿಯಿಂದ ಗಾಜಿನ ಮಳಿಗೆ ಒಂದು ಬಾಗಿಲು ತೆರೆದಿದೆ. ತಾಂಡಾದ ಹುಡುಗಿ, ದಲಿತ ಕೇರಿಯ ಹುಡುಗ ಮಾಡಿಕೊಟ್ಟ ತಿನಿಸನ್ನು ಊರಿನ ಎಲ್ಲರೂ ಕೇಳಿ ತಿನ್ನುತ್ತಾರೆ. ಸಮವಸ್ತ್ರ ಜಾತಿ ಕೇಳುವುದಿಲ್ಲ. ಪಗಾರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಹುಡುಗಿಗೆ ಮೊದಲ ಬಾರಿ ತನ್ನದೇ ದುಡ್ಡು ಸಿಗುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಫಾಸ್ಟ್ ಫುಡ್ ಕೆಲಸಗಾರರನ್ನು ಅಧ್ಯಯನ ಮಾಡಿದ ಕ್ಯಾಥರೀನ್ ನ್ಯೂಮನ್ 1999ರಲ್ಲಿ ಬರೆದದ್ದು ಇದನ್ನೇ ಹೋಲುತ್ತದೆ. ಗೆಳೆಯರು ಹಂಗಿಸಿದರೂ ಆ ಯುವಕರು ದುಡಿಯುವವರೆಂಬ ಹೆಮ್ಮೆಯನ್ನು ಬಿಡಲಿಲ್ಲ, ಒಂದು ಕೆಲಸಕ್ಕೆ ಸುಮಾರು ಹದಿನಾಲ್ಕು ಮಂದಿ ಅರ್ಜಿ ಹಾಕುತ್ತಿದ್ದರು. ಮೆಕ್‌ಡೊನಾಲ್ಡ್ಸ್‌ನಲ್ಲಿ ತಾವೇ ತರಬೇತಿ ಪಡೆದು ದುಡಿದ ರಾಬಿನ್ ಲೀಡ್ನರ್, ಬರೆದುಕೊಟ್ಟ ಮಾತುಗಳು ಕೆಲವರಿಗೆ ಗಿರಾಕಿಯ ಸಿಟ್ಟಿನಿಂದ ರಕ್ಷಣೆಯನ್ನೂ ಕೊಡುತ್ತವೆ ಎಂದು ಕಂಡುಕೊಂಡರು.

ಆದ್ದರಿಂದ ಸಮವಸ್ತ್ರ ಎರಡು ಕೆಲಸ ಮಾಡುತ್ತದೆ. ಅದು ಜಾತಿಯ ಕಣ್ಣಿನಿಂದ ಹುಡುಗಿಯನ್ನು ಮರೆಮಾಡುತ್ತದೆ, ಜೊತೆಗೆ ಮನುಷ್ಯರ ಕಣ್ಣಿನಿಂದಲೂ ಮರೆಮಾಡುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕಳೆಯುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಕಲ್ಯಾಣದ ಉತ್ತರ

ಇದೇ ಪ್ರಶ್ನೆಯನ್ನು ಈ ನೆಲ ಹನ್ನೆರಡನೆಯ ಶತಮಾನದಲ್ಲಿ ಎತ್ತಿಕೊಂಡಿತ್ತು. ಕಮಲಾಪುರದ ರಸ್ತೆಯಲ್ಲೇ ಮುಂದೆ ಸಾಗಿ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ಬಿದ್ದ ಅಕ್ಕಿ ಆಯುವ ಮಾರಯ್ಯ ಮೊದಲಾದ ಶರಣರು ಅಲ್ಲಿ ಒಂದೇ ಸಭೆಯಲ್ಲಿ ಕೂತು ಮಾತಾಡಿದರು. ಕಾಯಕದ ವಿಚಾರ ಹುಟ್ಟಿದ್ದು ಆ ಮಾತಿನಿಂದ. ಅದರಲ್ಲಿ ಯಾವ ದುಡಿಮೆಯೂ ಕೀಳಲ್ಲ ಎಂಬುದು ಒಂದು ಭಾಗವಷ್ಟೇ. ದುಡಿಯುವವನು ತನ್ನ ದುಡಿಮೆಯ ಬಗ್ಗೆ ಸಭೆಯಲ್ಲಿ ಮಾತಾಡಬಲ್ಲ, ಪ್ರಶ್ನೆ ಕೇಳಬಲ್ಲ ಎಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಭಾಗ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ವಾಪಸು ಹಾಕಿ ಬರಲು ಹೇಳಿದಳು. ಎಷ್ಟು ಸಾಕು ಎಂಬುದನ್ನು ದುಡಿಯುವವರೇ ತೀರ್ಮಾನಿಸಿದ ಪ್ರಸಂಗ ಅದು.

ಇಂದು ಕಾಯಕದ ಘೋಷಣೆಯನ್ನು ಗೋಡೆಗೆ ಬರೆದು, ಪಗಾರ ಕೇಳಿದವನಿಗೆ, ರಜೆ ಕೇಳಿದವಳಿಗೆ ಅದನ್ನು ತೋರಿಸುವ ರೂಢಿಯಿದೆ. ಅದು ಶರಣರಿಗೆ ಮಾಡುವ ದ್ರೋಹ. ಮಾತಾಡುವ ಹಕ್ಕನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಬಿಟ್ಟಿ ಚಾಕರಿ, ಅದನ್ನು ಕಾಯಕ ಎನ್ನಲಾಗದು.

ಆ ವಿಚಾರ ಇಂದಿಗೂ ನಡೆಯಬಲ್ಲದು ಎಂಬುದಕ್ಕೆ ಕಲಬುರಗಿಯಲ್ಲೇ ಸಾಕ್ಷಿ ಇದೆ. ಜಿಲ್ಲೆಯ ಸ್ವಸಹಾಯ ಗುಂಪುಗಳ ಮಹಿಳೆಯರು ಸಹಕಾರಿ ಪದ್ಧತಿಯಲ್ಲಿ ಒಂದುಗೂಡಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಾರೆ. ಜಿಲ್ಲಾಡಳಿತ ಬೆಂಬಲ ಕೊಟ್ಟಿತು, ರೊಟ್ಟಿ ಆನ್‌ಲೈನಿನಲ್ಲೂ ಸಿಗತೊಡಗಿತು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುವ ಇವರ ಪ್ರಸ್ತಾಪ 2025ರ ಜೂನ್‌ನ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಬಂತು. ಇವರದೂ ಒಂದೇ ಬಗೆಯ, ಮತ್ತೆ ಮತ್ತೆ ಮಾಡುವ ಕೆಲಸ. ಒಲೆಯ ಬಿಸಿ ಫ್ರೈಯರಿನ ಬಿಸಿಗಿಂತ ಕಡಿಮೆಯೇನಲ್ಲ. ಆದರೆ ಜೋಳ ಊರಿನದು, ಕುಶಲತೆ ಕೈಯಲ್ಲಿದೆ, ಪೊಟ್ಟಣದ ಮೇಲೆ ತಮ್ಮ ಊರಿನ ಹೆಸರಿದೆ, ಬೆಲೆಯ ಮಾತು ಬಂದಾಗ ಕೇಳಿಸಿಕೊಳ್ಳಬೇಕಾದ ದನಿ ತಮ್ಮದು. ಪರಕೀಯ ಭಾವ ಹುಟ್ಟುವುದು ಪುನರಾವರ್ತನೆಯಿಂದಲ್ಲ, ಅಧಿಕಾರವಿಲ್ಲದ ಪುನರಾವರ್ತನೆಯಿಂದ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ.

ಹೋಟೆಲು ಕೆಲಸಗಾರರಿಗೂ ಇದು ಹೊಸದಲ್ಲ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ಪರಿಚಾರಕರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘ ಕಟ್ಟಿಕೊಂಡು ತಾವೇ ಒಡೆಯರಾದರು. ಅಂಥ ಮೊದಲ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಮುಂಬಯಿಯ ಕನ್ನಡಿಗರದು ಇನ್ನೊಂದು ದಾರಿ. ಹಗಲು ದುಡಿದು ರಾತ್ರಿ ಓದುವವರಿಗಾಗಿ ಅವರು ಶಾಲೆಗಳನ್ನು ತೆರೆದರು. 1908ರಲ್ಲಿ ಶುರುವಾದ ಮೊಗವೀರ ರಾತ್ರಿ ಶಾಲೆ ಅವುಗಳಲ್ಲೊಂದು. ಕರಾವಳಿಯಿಂದ ಹೋಗಿ ಹೋಟೆಲಿನಲ್ಲಿ ಮೇಜು ಒರೆಸಿದ ಎಷ್ಟೋ ಹುಡುಗರು ಇಂಥ ಶಾಲೆಗಳಲ್ಲಿ ಮೆಟ್ರಿಕ್ ದಾಟಿ ಬೇರೆ ಬದುಕಿಗೆ ಕಾಲಿಟ್ಟರು.

ಏನಾಗಬೇಕು

ಬಟ್ಟೆ ಮಿಲ್ಲು ಮುಚ್ಚಿ ದಶಕಗಳಾದರೂ ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಎಂಬ ಹೆಸರು ಬಡಾವಣೆಗೆ ಉಳಿದಿದೆ. ಮಿಲ್ಲಿನಂಥ ಕಡೆ ನೂರಾರು ಮಂದಿ ಒಂದೇ ಗೇಟಿನಿಂದ ಒಳಹೋಗಿ ಹೊರಬರುತ್ತಾರೆ, ಗೇಟಿನ ಮುಂದೆ ಸಭೆ ನಡೆಯುತ್ತದೆ. ಫಾಸ್ಟ್ ಫುಡ್ ಮಳಿಗೆಯಲ್ಲಿ ಹತ್ತಿಪ್ಪತ್ತು ಮಂದಿ, ಬೇರೆ ಬೇರೆ ಪಾಳಿ, ವರ್ಷ ತುಂಬುವುದರೊಳಗೆ ಹೊಸ ಮುಖಗಳು. ಇಲ್ಲಿ ಸಂಘಟನೆ ಕಷ್ಟ. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫಾಸ್ಟ್ ಫುಡ್ ಕೆಲಸಗಾರರು ತಾಸಿಗೆ ಹದಿನೈದು ಡಾಲರ್ ಕೂಲಿಯೂ ಸಂಘದ ಹಕ್ಕೂ ಬೇಕೆಂದು ಬೀದಿಗಿಳಿದು, ಮಳಿಗೆಗೊಂದಲ್ಲ, ಊರಿಗೊಂದು ಸಂಘಟನೆ ಸಾಧ್ಯ ಎಂದು ತೋರಿಸಿದರು. ಕಲಬುರಗಿಯ ಎಲ್ಲ ಮಳಿಗೆಗಳ, ಡೆಲಿವರಿಯ ಹುಡುಗರೂ ಸೇರಿದ ಒಂದು ನಗರ ಸಂಘ ಅಸಾಧ್ಯದ ಮಾತಲ್ಲ.

ಅಷ್ಟರೊಳಗೆ ಆಗಬಹುದಾದ ಕೆಲಸಗಳಿವೆ. ಮೊದಲನೆಯದು ಕುರ್ಚಿ. ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಾಗಿಸಿದವು. ಕಲಬುರಗಿಯ ಪ್ರತಿ ಕೌಂಟರಿನ ಹಿಂದೆಯೂ ಒಂದು ಸ್ಟೂಲು ಇರಬೇಕು. ಎರಡನೆಯದು ಹೊತ್ತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ವಾರಕ್ಕೆ 48 ತಾಸಿನ ಮಿತಿಯನ್ನೂ ವಾರದ ರಜೆಯನ್ನೂ ನಡುವಿನ ವಿರಾಮವನ್ನೂ ಬರೆದಿಟ್ಟಿದೆ. ಕಾರ್ಮಿಕ ಇಲಾಖೆ ರಾತ್ರಿ ಪಾಳಿಯ ಹೊತ್ತಿನಲ್ಲೂ ಹೋಗಿ ಅದನ್ನು ಪರೀಕ್ಷಿಸಬೇಕು. ಪಾಳಿಯ ಪಟ್ಟಿ ಎರಡು ವಾರ ಮೊದಲೇ ಸಿಗಬೇಕು, ಕಮಲಾಪುರದ ಕೊನೆಯ ಬಸ್ಸನ್ನು ಗಮನದಲ್ಲಿಟ್ಟು ತಯಾರಾಗಬೇಕು. ಮೂರನೆಯದು ಭದ್ರತೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಪಡೆಯುವವರಿಗೆ ಇಎಸ್ಐ ಅನ್ವಯಿಸುತ್ತದೆ. ಇದೇ ನಗರದಲ್ಲಿ ಇಎಸ್ಐಸಿಯ ದೊಡ್ಡ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇದೆ. ಎಣ್ಣೆ ಸಿಡಿದು ಕೈ ಸುಟ್ಟ ಹುಡುಗನ ಬಳಿ ಅದರ ಕಾರ್ಡ್ ಇರಬೇಕು, ಅದನ್ನು ಬಳಸುವ ಬಗೆ ಅವನಿಗೆ ಗೊತ್ತಿರಬೇಕು.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಮಾತು. ವಾರಕ್ಕೊಮ್ಮೆ ಮೇನೇಜರ್ ಕೇಳಿಸಿಕೊಳ್ಳುವ, ಕೆಲಸಗಾರರು ಹೇಳುವ ಸಭೆ ನಡೆಯಲಿ. ಯಾರು ಯಾವ ಜಾಗದಲ್ಲಿ ನಿಲ್ಲಬೇಕು, ಯಾವ ತಿನಿಸು ಈ ಊರಿಗೆ ಒಪ್ಪುತ್ತದೆ, ಬೈದ ಗಿರಾಕಿಯನ್ನು ಏನು ಮಾಡಬೇಕು ಎಂಬುದರಲ್ಲಿ ಅವರಿಗೊಂದು ಮತವಿರಲಿ. ಕೆಟ್ಟ ಮಾತಾಡಿದವರಿಗೆ ಸೇವೆ ನಿಲ್ಲಿಸುವ ಅಧಿಕಾರ ಕೌಂಟರಿನಲ್ಲಿ ನಿಂತವರಿಗೇ ಇರಲಿ. ಮುಕ್ತ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸುವವರಿಗೆ ಪರೀಕ್ಷೆಯ ರಜೆ ಕೇಳದೆಯೇ ಸಿಗಲಿ. ಕಂಪನಿಗೆ ಇವುಗಳ ಖರ್ಚು ದೊಡ್ಡದಲ್ಲ. ಪ್ರತಿ ನಾಲ್ಕು ತಿಂಗಳಿಗೆ ಹೊಸಬರನ್ನು ಹುಡುಕಿ ತರಬೇತಿ ಕೊಡುವುದೂ ಪುಕ್ಕಟೆಯೇನಲ್ಲ.

ನಾವು ತಿನ್ನುವವರು. ಈ ಊರಿನಲ್ಲಿ ಶರಣಬಸವೇಶ್ವರರ ದಾಸೋಹವಿದೆ, ಬಂದೇನವಾಜರ ದರ್ಗಾ ಇದೆ. ಹಸಿದು ಬಂದವರಿಗೆ ಉಣ್ಣಲಿಕ್ಕುವುದು ದೊಡ್ಡದೆಂದು ಎರಡೂ ಕಡೆ ಕಲಿತ ಮಂದಿ ನಾವು. ಉಣಬಡಿಸುವವರನ್ನೂ ಮನುಷ್ಯರಂತೆ ಕಾಣುವುದು ಆ ಕಲಿಕೆಯ ಇನ್ನರ್ಧ. ಹೆಸರು ಓದಿ ಕರೆಯಿರಿ, ಕನ್ನಡದಲ್ಲಿ ಮಾತಾಡಿಸಿ, ಮುಚ್ಚುವ ಹೊತ್ತಿಗೆ ಹೋಗಿ ದೊಡ್ಡ ಆರ್ಡರ್ ಕೊಡಬೇಡಿ, ತಡವಾದದ್ದಕ್ಕೆ ಹುಡುಗನ ಮೇಲೆ ಹರಿಹಾಯುವ ಬದಲು ಕಂಪನಿಗೆ ಬರೆಯಿರಿ. ಇಷ್ಟರಿಂದ ಪದ್ಧತಿ ಬದಲಾಗುವುದಿಲ್ಲ ನಿಜ. ಕಾನೂನು, ಸಂಘಟನೆ, ಕೆಲಸದೊಳಗಿನ ಅಧಿಕಾರ ಇವೇ ಅದನ್ನು ಬದಲಿಸಬಲ್ಲವು. ಆದರೆ ಅವರು ಹಕ್ಕು ಕೇಳಿ ನಿಂತ ದಿನ ಊರು ಅವರ ಪರ ನಿಲ್ಲಬೇಕಾದರೆ, ಅವರು ಯಾರೆಂದು ಊರಿಗೆ ಮೊದಲೇ ಗೊತ್ತಿರಬೇಕು. ಕಮಲಾಪುರದ ಬಸ್ಸಿಳಿದು ಮಳಿಗೆಗೆ ನಡೆಯುವ ಹುಡುಗಿ ನಮ್ಮ ಮನೆಯವಳು ಎಂದು ಒಪ್ಪಿಕೊಂಡರೆ, ಅವಳಿಗೆ ಕುರ್ಚಿ, ರಜೆ, ಮಾತು ಮೂರನ್ನೂ ಕೇಳುವ ಹೊಣೆ ಅವಳೊಬ್ಬಳದಾಗಿ ಉಳಿಯುವುದಿಲ್ಲ.